ಪರದೆಯ ಮೇಲಿನ ಬಂದೂಕು ಯಾವುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಅಪರಾಧ ಚಿತ್ರಗಳಲ್ಲಿ ಕಾಣುವ ಬಂದೂಕು, ಪಿಸ್ತೂಲುಗಳ ಬಗ್ಗೆ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಪತ್ರಗಳಲ್ಲಿದ್ದ ಚಿತ್ರಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ. ಓದುಗರು ತೋರಿಸಿರುವ ತೊಡಕು ಒಂದೆರಡು ಚಿತ್ರಗಳಿಗೆ ಸೀಮಿತವಾದುದಲ್ಲ.

ಪ್ರಶ್ನೆ: ಮಾನ್ಯರೇ, ಭೀಮಾ ನದಿಯ ದಂಡೆಯ ಹಳ್ಳಿಗಳಲ್ಲಿ 1985ರಲ್ಲಿ ನಡೆಯುವ ಕಥೆಯೆಂದು ಮೊದಲ ದೃಶ್ಯದಲ್ಲೇ ಬರೆದು ತೋರಿಸುವ ಚಿತ್ರವೊಂದನ್ನು ನೋಡಿದೆ. ಖಳನಾಯಕನ ಕೈಯಲ್ಲಿ ಕಪ್ಪು ಬಣ್ಣದ, ಚೌಕಾಕಾರದ ಪಿಸ್ತೂಲಿದೆ. ಅವನ ಬಂಟನ ಬಳಿ ಬಾಗಿದ ಮ್ಯಾಗಜೀನಿನ (ಗುಂಡು ತುಂಬಿಡುವ ಪೆಟ್ಟಿಗೆಯ) ರೈಫಲ್ ಇದೆ. ಪೊಲೀಸರಲ್ಲಿ ಕೆಲವರು ಕಟ್ಟಿಗೆಯ ಉದ್ದ ರೈಫಲುಗಳನ್ನೂ ಕೆಲವರು ಒಳಗಿನ ಗುಂಡು ಮಸುಕಾಗಿ ಕಾಣುವಂಥ ಪ್ಲಾಸ್ಟಿಕ್ ಮ್ಯಾಗಜೀನಿನ ರೈಫಲುಗಳನ್ನೂ ಹಿಡಿದಿದ್ದಾರೆ. ದೃಶ್ಯಗಳನ್ನು ನಿಲ್ಲಿಸಿ ತೆಗೆದ ಫೋಟೊಗಳನ್ನು ಕಳಿಸಿದ್ದೇನೆ. ಇವು ಯಾವ ಆಯುಧಗಳು? ಆ ಕಾಲಕ್ಕೆ ಇವು ಇದ್ದವೇ? – ಓದುಗರೊಬ್ಬರು, ಇಂಡಿ

ಉತ್ತರ: ತಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಬಂದೂಕಿನ ಹೆಸರು ಹೇಳಿಬಿಟ್ಟರೆ ಕೆಲಸ ಅರ್ಧ ಮಾತ್ರ ಆಗುತ್ತದೆ. ಆ ಬಂದೂಕು ಆ ವರ್ಷ, ಆ ಊರಿನಲ್ಲಿ, ಆ ಮನುಷ್ಯನ ಕೈಗೆ ಬರುವ ದಾರಿ ಇತ್ತೇ ಎಂದು ಕೇಳಿಕೊಂಡಾಗ ಮಾತ್ರ ಚಿತ್ರ ತಯಾರಿಸಿದವರು ತಮ್ಮ ಕಥೆಯ ಕಾಲವನ್ನು ಎಷ್ಟು ಅರಿತಿದ್ದರೆಂಬುದು ತಿಳಿಯುತ್ತದೆ.

ಮೊದಲು ಪಿಸ್ತೂಲನ್ನು ನೋಡೋಣ. ತಾವು ಕಳಿಸಿದ ಫೋಟೊದಲ್ಲಿ ಅದರ ಹಿಂಬದಿ ಸ್ಪಷ್ಟವಾಗಿದೆ, ಅಲ್ಲಿ ಗುಂಡು ಹಾರಿಸಲು ಬಡಿಯುವ, ಹೊರಗೆ ಕಾಣುವ ಸುತ್ತಿಗೆ ಇಲ್ಲ. ಕುದುರೆಯ, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರಿನ, ಮುಖದಲ್ಲಿ ಇನ್ನೊಂದು ತೆಳುವಾದ ಸಣ್ಣ ಕುದುರೆಯಿದೆ, ಹಿಡಿಕೆ ಲೋಹದ್ದಲ್ಲ. ಈ ಮೂರೂ ಒಟ್ಟಿಗೆ ಇರುವುದರಿಂದ ಅದು ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು, ಇಲ್ಲವೇ ಅದರ ನಕಲು. ಆಸ್ಟ್ರಿಯಾದ ಸೇನೆ ಗ್ಲಾಕ್ 17 ಮಾದರಿಯನ್ನು ಒಪ್ಪಿಕೊಂಡದ್ದು 1982ರಲ್ಲಿ. ಹಾಗಾದರೆ 1985ಕ್ಕೆ ಸರಿಹೊಂದುತ್ತದೆ ಎಂದು ವಾದಿಸಬಹುದೇನೋ, ಆದರೆ ಅದೇ ಫೋಟೊದಲ್ಲಿ ನಳಿಗೆಯ ಕೆಳಭಾಗದಲ್ಲಿ, ಕುದುರೆಯ ಕಾವಲು ಕಟ್ಟಿನ ಮುಂದೆ, ಟಾರ್ಚ್ ಸಿಕ್ಕಿಸಲು ಮಾಡಿದ ಗೀರುಪಟ್ಟಿ ಕಾಣುತ್ತಿದೆ. ಆ ಪಟ್ಟಿ ಗ್ಲಾಕ್ ಪಿಸ್ತೂಲುಗಳಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ, ಮೂರನೆಯ ಪೀಳಿಗೆಯ ಮಾದರಿಗಳೊಂದಿಗೆ. ಆದ್ದರಿಂದ ಕಥೆಯ ಕಾಲದಲ್ಲಿ ಜಗತ್ತಿನ ಯಾವ ಮೂಲೆಯಲ್ಲಿಯೂ ಇರದಿದ್ದ ಪಿಸ್ತೂಲೊಂದು ಭೀಮೆಯ ದಂಡೆಯಲ್ಲಿ ಗುಂಡು ಹಾರಿಸುತ್ತಿದೆ. ಖಳನಾಯಕ ಅದನ್ನು ಎದುರಾಳಿಯ ಹಣೆಗೆ ಇಟ್ಟಾಗ ಸುತ್ತಿಗೆ ಎಳೆದ ‘ಕಟಕ್’ ಸದ್ದು ಬರುತ್ತದೆಂದೂ ತಾವು ಬರೆದಿದ್ದೀರಿ. ಹೊರಗೆ ಸುತ್ತಿಗೆಯೇ ಇಲ್ಲದ ಪಿಸ್ತೂಲಿನಲ್ಲಿ ಆ ಸದ್ದು ಹುಟ್ಟುವುದಿಲ್ಲ. ಚಿತ್ರಗಳಲ್ಲಿ ಗುಂಡಿನ ಸದ್ದನ್ನೂ ಲೋಹದ ಸದ್ದನ್ನೂ ಚಿತ್ರೀಕರಣದ ನಂತರ ಸ್ಟುಡಿಯೋದಲ್ಲಿ ಸೇರಿಸುತ್ತಾರೆ. ಹೀಗಾಗಿ ಸದ್ದು ಕೇಳಿ ಬಂದೂಕನ್ನು ಗುರುತಿಸಲು ಎಂದಿಗೂ ಹೋಗಬಾರದು.

ಬಂಟನ ರೈಫಲಿಗೆ ಬರೋಣ. ಬಾಗಿದ ಮ್ಯಾಗಜೀನ್ ಕಂಡ ಕೂಡಲೇ ಎಲ್ಲರೂ ‘ಎಕೆ-47’ ಎನ್ನುತ್ತಾರೆ, ಆದರೆ ಆ ಒಂದು ಹೆಸರಿನ ಕೆಳಗೆ ಬೇರೆ ಬೇರೆ ರೈಫಲುಗಳು ಸೇರಿಕೊಂಡಿವೆ. ಹಳೆಯ ಎಕೆ-47ರ ಮೇಲ್ಮುಚ್ಚಳ ನಯವಾಗಿರುತ್ತದೆ. 1959ರ ಸುಮಾರಿಗೆ ಬಂದ ಎಕೆಎಂ ಮಾದರಿಯ ಮೇಲ್ಮುಚ್ಚಳದಲ್ಲಿ ಅಡ್ಡಗೆರೆಗಳು ಉಬ್ಬಿರುತ್ತವೆ, ನಳಿಗೆಯ ತುದಿಯಲ್ಲಿ ಓರೆಯಾಗಿ ಕೊಯ್ದಂತಹ ಒಂದು ಭಾಗವಿರುತ್ತದೆ. ತಮ್ಮ ಫೋಟೊದಲ್ಲಿ ಇವೆರಡಕ್ಕಿಂತಲೂ ಬೆಲೆಯುಳ್ಳ ಗುರುತು ಇದೆ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಕಡ್ಡಿಯನ್ನು ಬಳೆಯಂತೆ ಪೂರ್ತಿ ಸುತ್ತುವರಿದ ಕಟ್ಟೊಂದಿದೆ. ರಷ್ಯಾದ ಮಾದರಿಗಳಲ್ಲಿ ಈ ಕಟ್ಟು ಮೇಲೆ ತೆರೆದಿರುತ್ತದೆ, ಪೂರ್ತಿ ಮುಚ್ಚಿದ್ದರೆ ಅದು ಬಹುಪಾಲು ಚೀನಾದ ಟೈಪ್ 56. ನಮ್ಮ ಪತ್ರಿಕೆಗಳು 1993ರ ಮುಂಬೈ ಸರಣಿ ಸ್ಫೋಟದ ಪ್ರಕರಣವನ್ನು ವರದಿ ಮಾಡುವಾಗ ಮತ್ತೆ ಮತ್ತೆ ಬಳಸಿದ ‘ಎಕೆ-56’ ಎಂಬ ಹೆಸರು ಇದಕ್ಕೇ ಸೇರಿದ್ದು. ಚೀನಾ ಇದನ್ನು 1950ರ ದಶಕದಿಂದಲೇ ತಯಾರಿಸುತ್ತಿದ್ದುದರಿಂದ 1985ರಲ್ಲಿ ಈ ರೈಫಲ್ ಲೋಕದಲ್ಲಿ ಇರಲಿಲ್ಲವೆನ್ನಲಾಗದು. ಆದರೆ ಭೀಮೆಯ ದಂಡೆಯ ಒಬ್ಬ ಬಂಟನಿಗೆ ಅದು ಹೇಗೆ ಸಿಕ್ಕಿತೆಂಬುದನ್ನು ಕಥೆಯೇ ಹೇಳಬೇಕು. ತಮ್ಮ ಪತ್ರದ ಪ್ರಕಾರ ಚಿತ್ರ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಗ್ಲಾಕಿಗಿಂತ ದೊಡ್ಡ ಕೊರತೆ. ಒಂದು ಸ್ವಯಂಚಾಲಿತ ರೈಫಲ್ ಊರಿಗೆ ಬಂದರೆ ಅಲ್ಲಿನ ಹಗೆಯ ಲೆಕ್ಕಾಚಾರವೇ ಬದಲಾಗುತ್ತದೆ. ಅಂಥದ್ದನ್ನು ಲಾಠಿಯೋ ಕೊಡಲಿಯೋ ಎನ್ನುವಷ್ಟು ಸಲೀಸಾಗಿ ಕೈಗೆ ಕೊಟ್ಟುಬಿಟ್ಟರೆ ಆ ಹಗೆಯ ತೂಕವೇ ಇಳಿದುಹೋಗುತ್ತದೆ.

ಪೊಲೀಸರ ಕಟ್ಟಿಗೆಯ ರೈಫಲುಗಳಲ್ಲಿ ಮಾತ್ರ ಚಿತ್ರತಂಡ ಸರಿಯಾದ ಆಯ್ಕೆ ಮಾಡಿದೆ. ಮುಂಭಾಗ ಮೊಂಡಾಗಿ, ನಳಿಗೆ ಕಟ್ಟಿಗೆಯಿಂದ ಹೊರಗೆ ಇಣುಕಿಯೂ ಇಣುಕದಂತಿದ್ದರೆ ಅದು ‘ತ್ರೀ ನಾಟ್ ತ್ರೀ’ ಎಂದು ನಮ್ಮಲ್ಲಿ ಹೆಸರಾದ .303 ಲೀ-ಎನ್‌ಫೀಲ್ಡ್. ಬಂಗಾಳದ ಇಶಾಪುರದ ಕಾರ್ಖಾನೆ ಇದನ್ನು ಬ್ರಿಟಿಷರ ಕಾಲದಿಂದಲೂ ತಯಾರಿಸಿತು. ಹತ್ತು ಗುಂಡು ಹಿಡಿಯುವ ಈ ರೈಫಲಿನ ಹೊರನೋಟವನ್ನೇ ಉಳಿಸಿಕೊಂಡು, 1962ರ ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ಇಶಾಪುರ 7.62 ಮಿ.ಮೀ. ಗುಂಡಿನ 2ಎ ಮತ್ತು 2ಎ1 ಮಾದರಿಗಳನ್ನು ಮಾಡಿತು. ಅವುಗಳ ಮ್ಯಾಗಜೀನ್ 12 ಗುಂಡಿನದು. ಅದು ಕೆಳಗೆ ಚೌಕವಾಗಿ, ಪೆಟ್ಟಿಗೆಯ ಹಾಗೆ ಚಾಚಿಕೊಂಡಿರುವುದರಿಂದ ದೂರದಿಂದಲೂ ಗುರುತು ಸಿಗುತ್ತದೆ. ತಮ್ಮ ಎರಡನೆಯ ಫೋಟೊದಲ್ಲಿ ಮುಂದೆ ನಿಂತ ಪೇದೆಯ ಕೈಯಲ್ಲಿರುವುದು 2ಎ1, ಹಿಂದಿನವರದು .303. ಎರಡೂ ಆ ಕಾಲಕ್ಕೆ ಒಪ್ಪುತ್ತವೆ.

ಆದರೆ ಅದನ್ನು ಬಳಸುವ ರೀತಿ ಒಪ್ಪುವುದಿಲ್ಲ. ಪ್ರತಿ ಗುಂಡು ಹಾರಿಸಿದ ಮೇಲೂ ಬಲಗೈ ಕುದುರೆಯನ್ನು ಬಿಟ್ಟು, ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟಿನ ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಖಾಲಿ ತೋಟಾ ಹೊರಗೆ ಚಿಮ್ಮಿದ ಮೇಲೆ ಮುಂದಕ್ಕೆ ದೂಡಿ, ಮತ್ತೆ ಕೆಳಗಿಳಿಸಬೇಕು. ದೂಡುವಾಗ ಕೊನೆಯ ಒಂದಿಂಚಿನಲ್ಲಿ ಬಿಗಿ ಹತ್ತುತ್ತದೆ, ಏಕೆಂದರೆ ಈ ರೈಫಲಿನ ಸ್ಪ್ರಿಂಗ್ ಮುಚ್ಚುವಾಗಲೇ ಏರುತ್ತದೆ. ಸೇನೆ ಮತ್ತು ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಹಿರಿಯರು ನಮ್ಮ ಭಾಗದ ಪ್ರೇಕ್ಷಕರಲ್ಲಿ ಬಹಳ ಮಂದಿ ಇದ್ದಾರೆ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವೇ ಬೆಳಗಾವಿಯಲ್ಲಿದೆ. ಪೇದೆಯೊಬ್ಬ ಬೋಲ್ಟನ್ನು ಮುಟ್ಟದೆಯೇ ಸಾಲಾಗಿ ಆರು ಗುಂಡು ಹಾರಿಸುವುದನ್ನು ಕಂಡರೆ ಅಂಥವರಿಗೆ ಚಿತ್ರದ ಮೇಲಿನ ನಂಬಿಕೆಯೇ ಹೋಗುತ್ತದೆ.

ಇನ್ನು ಪ್ಲಾಸ್ಟಿಕ್ ಮ್ಯಾಗಜೀನಿನದು 5.56 ಮಿ.ಮೀ. ಇನ್ಸಾಸ್. ಅದು ನಮ್ಮ ಸೇನೆಗೇ ಬಂದದ್ದು 1990ರ ದಶಕದಲ್ಲಿ. 1999ರ ಕಾರ್ಗಿಲ್ ಯುದ್ಧದ ಚಿತ್ರಗಳಲ್ಲಿ ಅದು ಎಲ್ಲೆಡೆ ಕಾಣುತ್ತದೆ. 1985ರ ಠಾಣೆಯಲ್ಲಿ ಅದಕ್ಕೆ ಜಾಗವಿಲ್ಲ.

ಹತ್ತಿರದ ದೃಶ್ಯಗಳಿದ್ದರೆ ಅಚ್ಚು ಗುರುತುಗಳನ್ನೂ ನೋಡಿ. ಇಶಾಪುರದ ರೈಫಲಿನಲ್ಲಿ ಬೋಲ್ಟಿನ ಹಿಡಿಯ ಹಿಂಭಾಗಕ್ಕೆ, ಹೆಗಲಿಗೆ ಒತ್ತಿ ಹಿಡಿಯುವ ಕಟ್ಟಿಗೆಯ ಬಟ್ ಸೇರುವ ಲೋಹದ ಪಟ್ಟಿಯ ಮೇಲೆ, ಕಾರ್ಖಾನೆಯ ಹೆಸರು ಮತ್ತು ವರ್ಷ ಇರುತ್ತದೆ. ಸ್ವಾತಂತ್ರ್ಯಾನಂತರದವುಗಳಲ್ಲಿ ಅಶೋಕ ಸ್ತಂಭದ ಲಾಂಛನ ಮತ್ತು ‘ಆರ್‌ಎಫ್‌ಐ’ (ರೈಫಲ್ ಫ್ಯಾಕ್ಟರಿ ಇಶಾಪುರ) ಎಂಬ ಅಕ್ಷರಗಳಿರುತ್ತವೆ. ಆಯುಧ ತನ್ನ ವಿವರವನ್ನು ತನ್ನ ಮೈಮೇಲೆಯೇ ಹೊತ್ತಿರುವುದು ತಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. ವಿಜಯಪುರದ ಶೆರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪಿನ ಮೇಲೆ ಅದನ್ನು ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿಯ ಹೆಸರಿನ ಶಾಸನವಿದೆ, 1549ರಲ್ಲಿ ಅಹ್ಮದನಗರದಲ್ಲಿ ಅದು ತಯಾರಾದುದು ಇತಿಹಾಸಕಾರರಿಗೆ ತಿಳಿದಿರುವುದು ಇಂಥ ಬರಹಗಳಿಂದಲೇ. ಮುಂದೆ ಊರನ್ನು ಗೆದ್ದ ಔರಂಗಜೇಬ ತನ್ನ ಬರಹವನ್ನೂ ಅದೇ ತೋಪಿನ ಮೇಲೆ ಕೆತ್ತಿಸಿದ.

ಪ್ರಶ್ನೆ: ನಾಯಕ ರಿವಾಲ್ವರಿಗೆ ಸೈಲೆನ್ಸರ್ ಹಾಕಿ ಸದ್ದಿಲ್ಲದೆ ಕೊಲ್ಲುವುದನ್ನು ಹಲವು ಚಿತ್ರಗಳಲ್ಲಿ ನೋಡಿದ್ದೇನೆ. ಇದು ಸಾಧ್ಯವೇ? – ಓದುಗರೊಬ್ಬರು, ಗೋಕಾಕ

ಉತ್ತರ: ಸಾಧಾರಣ ರಿವಾಲ್ವರಿನಲ್ಲಿ ಪ್ರಯೋಜನವಿಲ್ಲ. ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರಲೇಬೇಕು, ಸದ್ದೂ ಬೆಂಕಿಯೂ ಆ ಸಂದಿನಿಂದಲೇ ಪಕ್ಕಕ್ಕೆ ಹೊರಡುತ್ತವೆ. ಗುಂಡು ಹಾರುವ ಮುನ್ನ ಸಿಲಿಂಡರ್ ಮುಂದೆ ಸರಿದು ಆ ಸಂದನ್ನು ಮುಚ್ಚುವ, ಏಳು ಗುಂಡಿನ ರಷ್ಯಾದ ನಗಾಂತ್ ರಿವಾಲ್ವರ್ ಮಾತ್ರ ಇದಕ್ಕೆ ಹೆಸರಾಂತ ಅಪವಾದ.

ಪ್ರಶ್ನೆ: ನಮ್ಮ ಕಡೆಯ ಕಥೆಯಿರುವ ಚಿತ್ರಗಳಲ್ಲಿ ತೋಟದ ಮನೆಯ ಗೋಡೆಗೆ ತೂಗುಹಾಕಿದ ಬಂದೂಕು ಮತ್ತು ಪುಂಡರ ‘ನಾಡಪಿಸ್ತೂಲು’ ಇರುತ್ತವೆ. ಇವುಗಳನ್ನು ಸರಿಯಾಗಿ ತೋರಿಸುತ್ತಾರೆಯೇ? ಸಾಹುಕಾರರ ರಿವಾಲ್ವರ್ ಯಾವುದಿರುತ್ತಿತ್ತು? – ಓದುಗರೊಬ್ಬರು, ಮುಧೋಳ

ಉತ್ತರ: ತೋಟದ ಮನೆಯ ಬಂದೂಕು ಎಂದರೆ ಸಾಮಾನ್ಯವಾಗಿ 12 ಬೋರಿನದು (ಬೋರು ಎಂದರೆ ನಳಿಗೆಯ ಒಳಗಿನ ಅಳತೆ). ಜೋಡು ನಳಿಗೆ ಅಕ್ಕಪಕ್ಕ ಇರುವ, ನಡುವೆ ಮಡಚಿ ಹಿಂದಿನಿಂದ ತೋಟಾ ತುಂಬುವ ಬಂದೂಕನ್ನು ಪರವಾನಗಿ ಪುಸ್ತಕದಲ್ಲಿ ‘ಡಿಬಿಬಿಎಲ್’ ಎಂದೂ ಒಂಟಿ ನಳಿಗೆಯದನ್ನು ‘ಎಸ್‌ಬಿಬಿಎಲ್’ ಎಂದೂ, ಬಾಯಿಯಿಂದ ಮದ್ದು ತುಂಬುವ ಹಳೆಯದನ್ನು ‘ಎಸ್‌ಬಿಎಂಎಲ್’ ಎಂದೂ ಬರೆಯುತ್ತಾರೆ. ಈ ಮೂರನ್ನೂ ಚಿತ್ರಗಳು ಒಂದೇ ಎಂಬಂತೆ ಬಳಸುತ್ತವೆ. ನೋಡುಗರು ಒಂದು ಸಂಗತಿಯನ್ನು ಗಮನಿಸಿದರೆ ಸಾಕು. ಜೋಡು ನಳಿಗೆಯ ಬಂದೂಕಿಗೆ ಸಾಮಾನ್ಯವಾಗಿ ಎರಡು ಕುದುರೆಗಳಿರುತ್ತವೆ, ಎರಡು ಗುಂಡು ಹಾರಿಸಿದ ಮೇಲೆ ಅದನ್ನು ಮಡಚಲೇಬೇಕು. ಮೂರನೆಯ ಗುಂಡು ಹಾಗೆಯೇ ಹಾರಿದರೆ ಅದು ಸಂಕಲನಕಾರರ ತಪ್ಪು.

ಸಾಹುಕಾರರ ರಿವಾಲ್ವರಿನ ವಿಷಯ ಸ್ವಾರಸ್ಯಕರವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ ಸೇನೆ, ಪೊಲೀಸರು ಬಳಸುವ 9 ಮಿ.ಮೀ., .38, .303 ಮುಂತಾದ ಬೋರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಆದ್ದರಿಂದಲೇ ನಮ್ಮ ದೇಶದಲ್ಲಿ ಪರವಾನಗಿಯ ರಿವಾಲ್ವರ್ ಎಂದರೆ ಬಹುಮಟ್ಟಿಗೆ .32 ಬೋರಿನದು. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇಂಗ್ಲೆಂಡಿನ ವೆಬ್ಲಿಯ ಮಾದರಿಯನ್ನೇ ಅನುಸರಿಸಿದೆ. ಹಿಂಬದಿಯ ಕೀಲಿ ಒತ್ತಿದರೆ ನಳಿಗೆ ಮತ್ತು ಸಿಲಿಂಡರ್ ಒಟ್ಟಿಗೆ ಮುಂದಕ್ಕೆ ಬಾಗುತ್ತವೆ, ಖಾಲಿ ತೋಟಾಗಳೆಲ್ಲ ಒಂದೇ ಸಲ ಮೇಲೆದ್ದು ಬೀಳುತ್ತವೆ. ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ದಶಕಗಳ ಕಾಲ ಇದ್ದ .38 ವೆಬ್ಲಿಯೂ ಹೀಗೆಯೇ ತೆರೆಯುತ್ತದೆ. ನಮ್ಮ ಚಿತ್ರಗಳ ಇನ್‌ಸ್ಪೆಕ್ಟರುಗಳು ಮಾತ್ರ ಅಮೆರಿಕದ ಚಿತ್ರಗಳಲ್ಲಿ ಕಂಡಂತೆ ಸಿಲಿಂಡರನ್ನು ಎಡಕ್ಕೆ ಹೊರಳಿಸಿ ಗುಂಡು ತುಂಬುತ್ತಾರೆ. ಹಳೆಯ ಕಾಲದ ಕಥೆಯಲ್ಲಿ ವೆಬ್ಲಿ ಬಾಗಿ ತೆರೆದುಕೊಳ್ಳುವ ಒಂದೇ ಒಂದು ಹತ್ತಿರದ ದೃಶ್ಯವಿದ್ದರೆ ಪ್ರೇಕ್ಷಕನಿಗೆ ಕಾಲವೂ ದೇಶವೂ ಒಮ್ಮೆಗೇ ಮನಸ್ಸಿಗೆ ಇಳಿಯುತ್ತವೆ. ಅಂಥ ದೃಶ್ಯವನ್ನು ನಮ್ಮ ನಿರ್ದೇಶಕರು ಇಷ್ಟು ಅಪರೂಪಕ್ಕೆ ತೆಗೆಯುವುದೇಕೆಂದು ನನಗೆ ಬೇಸರವಾಗುತ್ತದೆ.

ನಾಡಪಿಸ್ತೂಲುಗಳಲ್ಲಿ ಎರಡು ಬಗೆ. ಒಂದೇ ಗುಂಡು ಹಾರಿಸುವ, ಬೆಸುಗೆಯ ಗುರುತು ಎದ್ದು ಕಾಣುವ ಒರಟು ಆಯುಧ ಒಂದು. ಕಾರ್ಖಾನೆಯ 7.65 ಮಿ.ಮೀ. ಪಿಸ್ತೂಲನ್ನು ನೋಡಿ ಮಾಡಿದ, ಮ್ಯಾಗಜೀನ್ ಇರುವ ನಕಲು ಇನ್ನೊಂದು. ಎರಡನೆಯದರ ಮೇಲೆ ಸುಳ್ಳು ಅಚ್ಚುಗಳಿರುವುದುಂಟು. ಯಾವ ಕಂಪನಿಯದೋ ಹೆಸರು, ಯಾವ ದೇಶದ್ದೋ ಮುದ್ರೆ, ಅದರಲ್ಲೂ ಕಾಗುಣಿತದ ತಪ್ಪು. ಕಲಾ ನಿರ್ದೇಶಕರು ಇಂಥ ಒಂದು ತಪ್ಪು ಅಚ್ಚನ್ನು ತೋರಿಸಿದರೆ ಆ ಪುಂಡ ಎಲ್ಲಿಂದ ಬಂದವನೆಂದು ಸಂಭಾಷಣೆಯಲ್ಲಿ ಹೇಳುವ ಅಗತ್ಯವೇ ಇರುವುದಿಲ್ಲ.

ಆಯುಧ ಇಟ್ಟುಕೊಳ್ಳಲು ಸರ್ಕಾರದ ಅಪ್ಪಣೆ ಬೇಕೆಂಬ ನಿಯಮದ ಬಿಸಿಯನ್ನು ತಮ್ಮ ತಾಲ್ಲೂಕಿನ ಹಲಗಲಿ ಬಹಳ ಹಿಂದೆಯೇ ಉಂಡಿದೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದಾಗ ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಊರನ್ನೇ ಕಳೆದುಕೊಂಡ ಕಥೆ ಲಾವಣಿಯಾಗಿ ಉಳಿದಿದೆ. ಈ ಭಾಗದ ಅಪರಾಧ ಕಥೆಯಲ್ಲಿ ಪರವಾನಗಿ ಪುಸ್ತಕ, ಚುನಾವಣೆ ಬಂದಾಗ ಠಾಣೆಗೆ ಬಂದೂಕು ಒಪ್ಪಿಸುವ ಸರದಿ, ಇವೂ ಕಾಣಿಸಿಕೊಂಡರೆ ಕಥೆ ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಚಿತ್ರಗಳಲ್ಲಿ ಇನ್‌ಸ್ಪೆಕ್ಟರ್ ನೆಲದಿಂದ ಖಾಲಿ ತೋಟಾ ಎತ್ತಿ ನೋಡಿ, ‘ಇದು ಇಂಥವನ ರಿವಾಲ್ವರಿನದು’ ಎಂದುಬಿಡುತ್ತಾನೆ. ನಿಜ ಜೀವನದಲ್ಲಿ ಹೀಗೆ ಗುರುತಿಸುತ್ತಾರೆಯೇ? – ಓದುಗರೊಬ್ಬರು, ಜಮಖಂಡಿ

ಉತ್ತರ: ಆ ದೃಶ್ಯದ ಮೊದಲ ತೊಡಕು ತೋಟಾ ನೆಲದ ಮೇಲಿರುವುದು. ಪಿಸ್ತೂಲು ಪ್ರತಿ ಗುಂಡಿಗೂ ಖಾಲಿ ತೋಟಾವನ್ನು ಹೊರಗೆ ಚಿಮ್ಮಿಸುತ್ತದೆ, ರಿವಾಲ್ವರ್ ಹಾಗೆ ಮಾಡುವುದಿಲ್ಲ. ಅದರ ಖಾಲಿ ತೋಟಾಗಳು ಯಾರಾದರೂ ತೆರೆದು ಸುರಿಯುವ ತನಕ ಸಿಲಿಂಡರಿನಲ್ಲಿಯೇ ಉಳಿಯುತ್ತವೆ. ಕೊಲೆಗಾರ ಅಲ್ಲಿಯೇ ನಿಂತು ಮತ್ತೆ ತುಂಬಿಕೊಂಡಿದ್ದರೆ ಮಾತ್ರ ಅವು ನೆಲಕ್ಕೆ ಬೀಳುತ್ತವೆ.

ಇನ್ನು ಕಣ್ಣಳತೆಯಲ್ಲಿ ಹೇಳಬಹುದಾದದ್ದು ಬೋರು ಮತ್ತು ಗುಂಡಿನ ಜಾತಿ, ಅಷ್ಟೇ. ಮುಂದಿನದೆಲ್ಲ ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸ. ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ. ಅವು ಎಷ್ಟು, ಎಡಕ್ಕೆ ತಿರುಗಿವೆಯೋ ಬಲಕ್ಕೋ ಎಂಬುದರಿಂದ ಆಯುಧದ ಮಾದರಿಯನ್ನು ಊಹಿಸುತ್ತಾರೆ. .303 ಲೀ-ಎನ್‌ಫೀಲ್ಡಿನಲ್ಲಿ ಸಾಮಾನ್ಯವಾಗಿ ಎಡಕ್ಕೆ ತಿರುಗಿದ ಐದು ತೋಡುಗಳಿರುತ್ತವೆ. ತೋಟಾದ ತಳದಲ್ಲಿ ಮೊಳೆ ಬಡಿದ ಗುರುತೂ ಮಾತಾಡುತ್ತದೆ, ಗ್ಲಾಕ್ ಪಿಸ್ತೂಲಿನದು ದುಂಡಗಿರದೆ ಆಯತಾಕಾರದ ಚೌಕಟ್ಟಿನೊಳಗೆ ಮೂಡುವುದರಿಂದ ಪರಿಣತರಿಗೆ ಕೂಡಲೇ ಹೊಳೆಯುತ್ತದೆ. ಆದರೆ ಇಂಥದ್ದೇ ಒಂದು ಆಯುಧ ಎಂದು ಹೇಳಬೇಕಾದರೆ ಆ ಆಯುಧದಿಂದ ಪರೀಕ್ಷಾ ಗುಂಡು ಹಾರಿಸಿ, ಅಥವಾ ಬೇರೆ ಸ್ಥಳದಲ್ಲಿ ಸಿಕ್ಕ ಗುಂಡು ಮತ್ತು ತೋಟಾಗಳನ್ನು ತಂದು, ಎರಡನ್ನೂ ಹೋಲಿಕೆಯ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು, ಅತಿ ಸಣ್ಣ ಗೀರುಗಳನ್ನು ಹೊಂದಿಸಿ ನೋಡಬೇಕಾಗುತ್ತದೆ.

ಈ ಕೆಲಸದ ಮಹತ್ವವನ್ನು ಕನ್ನಡಿಗರು ನೋವಿನಿಂದಲೇ ಅರಿತಿದ್ದೇವೆ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿ ಧಾರವಾಡದಲ್ಲಿ ನೆಲೆಸಿದ್ದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು, ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಕೊಲ್ಲಲಾಯಿತು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ. ನಾಡಪಿಸ್ತೂಲು, ಅದೂ ಒಂದೇ ಪಿಸ್ತೂಲು ಎಂಬ ವಿಧಿವಿಜ್ಞಾನ ವರದಿಯನ್ನು ತನಿಖಾ ತಂಡ ಮುಂದಿಟ್ಟಿತು. ಬೇರೆ ಬೇರೆ ಊರಿನ, ಎರಡು ವರ್ಷ ಅಂತರದ ಎರಡು ಪ್ರಕರಣಗಳನ್ನು ಬೆಸೆದ ಎಳೆಗಳಲ್ಲಿ ಗುಂಡು ಮತ್ತು ಖಾಲಿ ತೋಟಾಗಳ ಮೇಲಿನ ಗೀರುಗಳೂ ಒಂದು. ಅದಕ್ಕಾಗಿ ಯಾರೋ ಪರಿಣತರು ಸೂಕ್ಷ್ಮದರ್ಶಕದ ಮುಂದೆ ಸಹನೆಯಿಂದ ಕುಳಿತಿದ್ದರು. ನಮ್ಮ ಅಪರಾಧ ಚಿತ್ರಗಳಲ್ಲಿ ಆ ಮೇಜಿಗೆ ಇನ್ನೂ ತಕ್ಕ ಸ್ಥಾನ ಸಿಕ್ಕಿಲ್ಲ.

ಪ್ರಶ್ನೆ: ನಾವು ಕಾಲೇಜು ಗೆಳೆಯರು 1992ರ ಬೆಳಗಾವಿಯ ಹಿನ್ನೆಲೆಯಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ಗೆಳೆಯನ ಮಾವನವರ ಬಳಿ ಪರವಾನಗಿಯ ಜೋಡು ನಳಿಗೆ ಬಂದೂಕಿದೆ. ಅದನ್ನೇ ಖಾಲಿ ಮಾಡಿ ಬಳಸಬಹುದೇ? ಆಟಿಕೆ ಬಂದೂಕು ಪರದೆಯ ಮೇಲೆ ಗೊತ್ತಾಗಿಬಿಡುತ್ತದೆ ಎಂಬ ಚಿಂತೆ. – ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬಳಸಬೇಡಮ್ಮಾ. ಪರವಾನಗಿ ಇರುವುದು ಅವರ ಹೆಸರಿನಲ್ಲಿ, ಅದು ನಿಮ್ಮ ನಟನ ಕೈಗೆ ಬಂದರೆ ಇಬ್ಬರೂ ಕಾನೂನಿನ ತೊಡಕಿಗೆ ಸಿಕ್ಕುತ್ತೀರಿ. ಅದಕ್ಕಿಂತ ಮುಖ್ಯವಾಗಿ, ‘ಖಾಲಿ’ ಎಂದು ನಂಬಿದ ಬಂದೂಕಿನಿಂದಲೇ ಚಿತ್ರೀಕರಣದಲ್ಲಿ ಜೀವಗಳು ಹೋಗಿವೆ. 1993ರಲ್ಲಿ ಅಮೆರಿಕದಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ರಿವಾಲ್ವರಿನ ನಳಿಗೆಯಲ್ಲಿ ಮೊದಲೇ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಯಾರೂ ಗಮನಿಸದೆ, ಗುಂಡಿಲ್ಲದ, ಬರೀ ಸದ್ದು ಮಾಡುವ ತೋಟಾ ಹಾಕಿ ಹಾರಿಸಿದ್ದರಿಂದ. 2021ರ ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೋದಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅವರ ಪ್ರಾಣ ತೆಗೆದದ್ದು, ಇರಲೇಬಾರದಿದ್ದ ಒಂದು ನಿಜವಾದ ಗುಂಡು. ಅನುಭವಿಗಳ ದೊಡ್ಡ ತಂಡಗಳಲ್ಲೇ ಹೀಗಾಗಿದೆ.

ಕಟ್ಟಿಗೆ, ಫೈಬರ್ ಅಥವಾ ರಬ್ಬರಿನಲ್ಲಿ ಮಾಡಿದ ನಕಲುಗಳನ್ನೇ ಬಳಸು. ಬೆಂಕಿಯ ಮಿಂಚನ್ನು ಸಂಕಲನದಲ್ಲಿ ಸೇರಿಸಬಹುದು. ನಕಲು ಪತ್ತೆಯಾಗುವುದು ಎರಡು ಕಡೆ. ಆಟಿಕೆಯ ನಳಿಗೆಯ ಬಾಯಿಯೊಳಗೆ 6 ಮಿ.ಮೀ. ಗುಳಿಗೆಗೆ ಸರಿಯಾದ ಇನ್ನೊಂದು ಕಿರಿದಾದ ಕೊಳವೆ ಕಾಣುತ್ತದೆ, ಆದ್ದರಿಂದ ಕ್ಯಾಮೆರಾವನ್ನು ನಳಿಗೆಯ ನೇರಕ್ಕೆ ಇಡಬೇಡ. ಎರಡನೆಯದು ಭಾರ. ನಿಜವಾದ .303 ರೈಫಲ್ ಸುಮಾರು ನಾಲ್ಕು ಕಿಲೋ ತೂಗುತ್ತದೆ, ಅದನ್ನು ಹೊತ್ತು ದಿನವಿಡೀ ಕಾವಲು ನಿಂತ ಪೇದೆಯ ಹೆಗಲು ಒಂದು ಬದಿಗೆ ಇಳಿದಿರುತ್ತದೆ. ನಕಲಿನೊಳಗೆ ಮರಳು ತುಂಬಿಸಿ ಆ ತೂಕ ಬರಿಸು, ನಟನಿಗೆ ಅದನ್ನು ಹೊತ್ತು ಓಡಾಡಲು ಹೇಳು.

1992ರ ಠಾಣೆಗೆ .303 ರೈಫಲ್, ಅಧಿಕಾರಿಗೆ .38 ರಿವಾಲ್ವರ್, ಬೇಕಿದ್ದರೆ ಎಡಬದಿಗೆ ಮ್ಯಾಗಜೀನ್ ಚಾಚಿಕೊಂಡಿರುವ 9 ಮಿ.ಮೀ. ಕಾರ್ಬೈನ್ ಸಾಕು. ಅದನ್ನು ಎಲ್ಲರೂ ‘ಸ್ಟೆನ್‌ಗನ್’ ಎಂದೇ ಕರೆಯುತ್ತಿದ್ದರು. ನಳಿಗೆಯ ಸುತ್ತ ತೂತುಗಳ ಕವಚವೂ ಬಾಗಿದ ಮ್ಯಾಗಜೀನೂ ಇದ್ದರೆ ಅದು ಸ್ಟೆನ್ ಅಲ್ಲ, ಕಾನ್ಪುರದಲ್ಲಿ ತಯಾರಾದ ಸ್ಟರ್ಲಿಂಗ್. ಪಾತ್ರಗಳು ಅದನ್ನು ಸ್ಟೆನ್‌ಗನ್ ಎಂದೇ ಕರೆಯಲಿ, ನಿನ್ನ ಕಲಾ ವಿಭಾಗ ಮಾತ್ರ ಸ್ಟರ್ಲಿಂಗನ್ನೇ ಮಾಡಲಿ.

ರಸ್ತೆಯಲ್ಲಿ ಚಿತ್ರೀಕರಿಸುವ ಮುನ್ನ ಠಾಣೆಗೆ ಲಿಖಿತವಾಗಿ ತಿಳಿಸಿ ಅನುಮತಿ ಪಡೆಯಿರಿ, ನಕಲು ಆಯುಧಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಯೇ ಸಾಗಿಸಿ, ದೃಶ್ಯ ಮುಗಿದ ಕೂಡಲೇ ಅವುಗಳನ್ನು ಒಬ್ಬರೇ ಎಣಿಸಿ ತೆಗೆದಿಡಲಿ.